ಮಂಡಗದ್ದೆಯಿಂದ ಗುಡವಿಗೆ, ಗರಿನುಸಿಯ ಜಾಡಿನಲ್ಲಿ

ಮೊದಲನೆಯ ದಿನ

ಸೆಪ್ಟೆಂಬರ್ ಕೊನೆಯ ವಾರ. ಶಿವಮೊಗ್ಗದಲ್ಲಿ ರೈಲಿಳಿದಾಗ ಮಳೆ ಬಿಟ್ಟು ಹೆಚ್ಚು ಹೊತ್ತಾಗಿರಲಿಲ್ಲ. ನಿಲ್ದಾಣದ ಎದುರಿನ ಹೋಟೆಲಿನ ತಗಡಿನ ಮಾಡಿನಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಬಿಸಿ ಇಡ್ಲಿ ತಿಂದು ತೀರ್ಥಹಳ್ಳಿ ಬಸ್ಸು ಹತ್ತಿದೆ. ಚೀಲದಲ್ಲಿ ದುರ್ಬೀನು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರ, ಒಂದು ಟಾರ್ಚು, ಒಂದು ನೋಟ್‌ಬುಕ್ಕು.

ಹದಿನೈದು ವರ್ಷಗಳಿಂದ ಹಕ್ಕಿ ನೋಡುತ್ತಿದ್ದೇನೆ. ಹಕ್ಕಿಯ ಮೈಮೇಲೆ ಯಾರು ಬದುಕಿದ್ದಾರೆ ಎಂದು ಕೇಳಿಕೊಂಡದ್ದು ಕಳೆದ ವರ್ಷ. ನಾನು ಪಾಠ ಮಾಡುವ ಶಾಲೆಯ ಸೂಕ್ಷ್ಮದರ್ಶಕದಡಿ ಸಾಕು ಪಾರಿವಾಳದ ಗರಿಯೊಂದನ್ನು ಇಟ್ಟಿದ್ದೆ. ಗರಿಯ ಎಳೆ ಎಳೆಗೂ ಇರುವ ಕೊಕ್ಕೆಗಳನ್ನು ಮಕ್ಕಳಿಗೆ ತೋರಿಸುವುದಿತ್ತು. ಒಬ್ಬ ಹುಡುಗಿ ಕಣ್ಣು ಹಚ್ಚಿದವಳು ತಲೆ ಎತ್ತಿ, "ಮೇಡಂ, ಇದರಲ್ಲಿ ಯಾರೋ ನಡೆಯುತ್ತಿದ್ದಾರೆ" ಎಂದಳು. ಏನೋ ಎನ್ನಲಿಲ್ಲ, ಯಾರೋ ಎಂದಳು. ಆ ಮಾತು ನನ್ನೊಳಗೆ ಕೂತುಬಿಟ್ಟಿತು.

ನಡೆಯುತ್ತಿದ್ದದ್ದು ಗರಿನುಸಿ. ಅರ್ಧ ಮಿಲಿಮೀಟರಿನ ಆಸುಪಾಸಿನ, ಚಪ್ಪಟೆ ಮೈಯ, ಕಣ್ಣಿಲ್ಲದ ಜೀವಿ. ಮೊಟ್ಟೆಯೊಡೆದು ಬಂದಾಗ ಆರು ಕಾಲು, ಮುಂದೆ ಎಂಟು. ಹುಟ್ಟು, ಬೆಳವಣಿಗೆ, ಕೂಡುವುದು, ಸಾಯುವುದು ಎಲ್ಲವೂ ಹಕ್ಕಿಯ ಮೇಲೆಯೇ. ವಿಜ್ಞಾನಿಗಳು ಇದುವರೆಗೆ ಹೆಸರಿಟ್ಟಿರುವ ಜಾತಿಗಳೇ ಸುಮಾರು 2,500. ಬಹುಪಾಲು ಜಾತಿಗಳು ಒಂದು ಬಗೆಯ ಹಕ್ಕಿಗೆ, ಇಲ್ಲವೇ ಅದರ ಹತ್ತಿರದ ದಾಯಾದಿಗಳಿಗೆ ಮಾತ್ರ ಅಂಟಿಕೊಂಡಿರುತ್ತವೆ. ಒಂದೇ ಹಕ್ಕಿಯಲ್ಲೂ ರೆಕ್ಕೆಯ ದೊಡ್ಡ ಗರಿಯಲ್ಲಿ ಒಂದು ಜಾತಿ, ಎದೆಯ ತುಪ್ಪುಳದಲ್ಲಿ ಮತ್ತೊಂದು ಎಂದು ಕೇರಿ ಹಂಚಿಕೊಂಡಿರುವುದುಂಟು.

ಶಿವಮೊಗ್ಗದಿಂದ ಮೂವತ್ತು ಕಿಲೋಮೀಟರಿನ ಮಂಡಗದ್ದೆಯಲ್ಲಿ ಇಳಿದೆ. ತುಂಗೆಯ ನಡುವೆ ಒಂದು ನಡುಗಡ್ಡೆ, ವಿಸ್ತಾರ ಒಂದು ಎಕರೆಗಿಂತ ತುಸು ಹೆಚ್ಚು. ಅಷ್ಟು ಜಾಗದ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡಿನ ಮೇಲೆ ಗೂಡು ಕಟ್ಟಿವೆ. ನದಿ ಇನ್ನೂ ಕೆಂಪಾಗಿ ಮೈದುಂಬಿ ಹರಿಯುತ್ತಿತ್ತು. ದಡದಲ್ಲೇ ನಿಂತು ದುರ್ಬೀನು ಹಿಡಿದೆ.

ಒಂದು ಬೆಳ್ಳಕ್ಕಿ ಕತ್ತನ್ನು ಹಿಂದಕ್ಕೆ ತಿರುಗಿಸಿ ಬಾಲದ ಬುಡಕ್ಕೆ ಕೊಕ್ಕು ಉಜ್ಜಿತು. ಅಲ್ಲಿ ಎಣ್ಣೆಯ ಗ್ರಂಥಿ ಇದೆ. ಆ ಜಿಡ್ಡನ್ನು ಒಂದೊಂದೇ ಗರಿಗೆ ಬುಡದಿಂದ ತುದಿಯವರೆಗೆ ಸವರಿತು. ಆಮೇಲೆ ಕಾಲೆತ್ತಿ ನಡುಬೆರಳಿನಿಂದ ಕೆನ್ನೆ ಕೆರೆದುಕೊಂಡಿತು. ಬಕ ಜಾತಿಯ ಹಕ್ಕಿಗಳಲ್ಲಿ ಆ ಬೆರಳಿನ ಉಗುರಿಗೆ ಬಾಚಣಿಗೆಯಂತೆ ಹಲ್ಲುಗಳಿರುತ್ತವೆ. ಇಷ್ಟು ಬಾಚಿ ತೀಡಿದರೂ ನುಸಿಗಳು ಉಳಿಯುವುದು ಹೇಗೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅವು ಕೂರುವ ಜಾಗದಲ್ಲಿದೆ ಉತ್ತರ. ಅದನ್ನು ಎರಡು ದಿನ ಕಳೆದು ಕಣ್ಣಾರೆ ಕಂಡೆ.

ಪಕ್ಕದ ಗೂಡಿನಲ್ಲಿ ಮೂರು ಮರಿಗಳಿದ್ದವು. ಗರಿಗಳು ಕೋಶ ಬಿರಿದು ಕುಂಚದಂತೆ ಹೊರಬರುತ್ತಿದ್ದವು. ಮೋಡ ಕವಿದು ಹನಿ ಶುರುವಾಗುತ್ತಲೇ ತಾಯಿ ಬಂದು ರೆಕ್ಕೆ ಸಡಿಲಿಸಿ ಮರಿಗಳ ಮೇಲೆ ಕೂತಿತು. ನುಸಿ ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟುವುದು ಬಹುತೇಕ ಹೀಗೆಯೇ, ಮೈಗೆ ಮೈ ಸೋಂಕಿದಾಗ. ಇದಕ್ಕೆ ಹಾರಲು ಬಾರದು, ನೆಲದ ಮೇಲೆ ಕಾದು ಕೂತು ಇನ್ನೊಂದು ಹಕ್ಕಿ ಹಿಡಿಯಲು ಬಾರದು. ತಾಯಿ ಅಪ್ಪಿದಾಗ ಮರಿಗೆ ಬರಬೇಕು. ಕೋಗಿಲೆಯ ವಿಷಯ ತಲೆಗೆ ಬಂದದ್ದು ಆಗ. ಕಾಗೆಯ ಗೂಡಿನಲ್ಲಿ ಬೆಳೆಯುವ ಅದಕ್ಕೆ ತಾಯಿಯ ಎದೆಯ ಸೋಂಕೇ ಇಲ್ಲ. ಅದಕ್ಕೆ ತನ್ನ ಕುಲದ ನುಸಿ ಸಿಗಬೇಕಾದರೆ ಪ್ರಾಯಕ್ಕೆ ಬಂದು ಜೊತೆ ಸೇರುವವರೆಗೆ ಕಾಯಬೇಕು.

ಕತ್ತಲಾಗುವ ಹೊತ್ತಿಗೆ ತೀರ್ಥಹಳ್ಳಿ ಸೇರಿ ಮಲಗಿದೆ.

ಎರಡನೆಯ ದಿನ

ಇಡೀ ದಿನ ಬಸ್ಸು ಮತ್ತು ಮಳೆ. ತೀರ್ಥಹಳ್ಳಿಯಿಂದ ಹೊಸನಗರ, ಅಲ್ಲಿಂದ ಸಾಗರ. ಸಾಗರದಿಂದ ಒಂದು ಆಟೋ, ಆಮೇಲೆ ಗದ್ದೆಯಂಚಿನ ನಡಿಗೆ. ಉಳಿದುಕೊಳ್ಳುವ ಮನೆಯ ಜಗಲಿ ಮುಟ್ಟುವಷ್ಟರಲ್ಲಿ ಎರಡು ಕಾಲಿಗೂ ಉಂಬಳ ಹತ್ತಿತ್ತು. ಮನೆಯ ಅಜ್ಜಿ ಸುಣ್ಣ ತಂದು ಸವರಿ ಬಿಡಿಸಿದರು.

ರಾತ್ರಿ ಊಟಕ್ಕೆ ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ. ನೀವು ಯಾವ ಕೆಲಸದ ಮೇಲೆ ಬಂದಿರಿ ಎಂದು ಯಜಮಾನರು ಕೇಳಿದರು.

"ಗರಿನುಸಿ ನೋಡಲು ಬಂದೆ."

ಅವರು ತುತ್ತು ಹಾಗೇ ಹಿಡಿದರು. "ನಮ್ಮದು ಅಡಿಕೆ. ತೆಂಗು ಇರುವುದು ನಾಲ್ಕೇ ಮರ. ಗರಿಗೆ ನುಸಿ ಬಿದ್ದದ್ದು ನಾನು ನೋಡಿಲ್ಲ. ಕಾಯಿಗಾದರೆ ಹೌದು."

ನನಗೆ ಆ ಕ್ಷಣ ನಮ್ಮ ಭಾಷೆಯ ಮೇಲೆ ಬಹಳ ಪ್ರೀತಿ ಬಂತು. ಹಕ್ಕಿಯ ಮೈಯದೂ ಗರಿ, ತೆಂಗಿನ ಮರದ್ದೂ ಗರಿ. ತೆಂಗಿನ ಕಾಯಿಯ ಸಿಪ್ಪೆ ಬಿರಿಯುವಂತೆ ಮಾಡುವ ನುಸಿ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ಕಡೆಗೂ ಹಬ್ಬಿದ ಮೇಲೆ, ತೋಟ ಇರುವ ಯಾರಿಗೂ ಆ ಪದ ಹೊಸದಲ್ಲ. ಇದು ಹಕ್ಕಿಯ ಗರಿಯ ನುಸಿ ಎಂದು ಬಿಡಿಸಿ ಹೇಳಿದೆ. ಅಜ್ಜಿಯ ಮುಖ ಬಿಗಿಯಾಯಿತು.

"ಉಣ್ಣೆಯ ಜಾತಿಯೇ ಅಲ್ಲವೇ? ಅದನ್ನು ಹುಡುಕಿಕೊಂಡು ಬರುತ್ತಾರೆಯೇ?"

ಅವರು ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. 2018ರ ಕೊನೆಯಲ್ಲಿ ಶುರುವಾಗಿ 2019ರ ಬೇಸಿಗೆಯವರೆಗೆ ಇದೇ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಮನೆ ಮನೆಗಳಲ್ಲಿ ಸಾವು ತಂದಿತ್ತು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂದರೆ ಇಲ್ಲಿಯವರು ಸೊಪ್ಪಿಗೆ, ದರಗಿಗೆ ಹೋಗುವುದನ್ನೇ ನಿಲ್ಲಿಸುತ್ತಾರೆ. ಹೋಗಲೇಬೇಕಾದರೆ ಕೈಕಾಲಿಗೆ ತೈಲ ಸವರಿಕೊಂಡು ಹೋಗುತ್ತಾರೆ. ಎಂಟು ಕಾಲಿನ ಸಣ್ಣ ಜೀವಿ ಎಂದರೆ ಏನು ಎಂಬುದನ್ನು ಈ ನೆಲ ಪ್ರಾಣ ಕೊಟ್ಟು ಕಲಿತಿದೆ.

"ನಂಟು ಇದೆ ಅಮ್ಮ, ಆದರೆ ದೂರದ್ದು" ಎಂದೆ. ಉಣ್ಣೆ ಚರ್ಮಕ್ಕೆ ಮೂತಿ ಚುಚ್ಚಿ ರಕ್ತ ಹೀರುತ್ತದೆ. ಗರಿನುಸಿಗೆ ಚರ್ಮ ಚುಚ್ಚುವ ಸಾಧನವೇ ಇಲ್ಲ. ಹಾಸಿಗೆಯ ದೂಳಿನಲ್ಲಿರುವ ನುಸಿ ಇದಕ್ಕೆ ಹೆಚ್ಚು ಹತ್ತಿರದ ಸಂಬಂಧಿ. ಅಜ್ಜಿ ಕೇಳಿಸಿಕೊಂಡರು. ಒಪ್ಪಿದರು ಎನ್ನಲಾರೆ. ತಮ್ಮ ಕೋಳಿಗೂಡಿನಲ್ಲಿ ರಾತ್ರಿ ಹೊರಬಂದು ಕೋಳಿಗಳನ್ನು ನಿದ್ದೆಗೆಡಿಸುವ ಕೆಂಪು ಹುಳದ ಬಗ್ಗೆ ಹೇಳಿದರು. ಅದೂ ನುಸಿಯೇ, ಹಗಲಿಡೀ ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಕುಡಿಯುವಂಥದ್ದು. ಅದರ ಬಗ್ಗೆ ಅವರ ಸಿಟ್ಟು ಸರಿಯಾಗಿಯೇ ಇದೆ.

ಮೂರನೆಯ ದಿನ

ಬೆಳಿಗ್ಗೆ ಆರೂವರೆಗೆ ಮಹಡಿಯ ಕಿಟಕಿಗೆ ಏನೋ ಬಡಿದ ಸದ್ದು. ಇಳಿದು ಹೋಗಿ ನೋಡಿದರೆ ಅಂಗಳದ ಅಂಚಿನಲ್ಲಿ ಒಂದು ಪಚ್ಚೆ ಪಾರಿವಾಳ. ಹಸಿರು ಬೆನ್ನು, ಕೆಂಪು ಕೊಕ್ಕು, ಕೆನ್ನೇರಳೆ ಬೆರೆತ ಕಂದು ಎದೆ, ಭುಜದಲ್ಲಿ ಬಿಳಿಯ ಪಟ್ಟೆ. ಗಂಡು. ಕಾಡಿನ ನೆರಳಿನಲ್ಲಿ ತಗ್ಗಿನಲ್ಲೇ ಬಾಣದಂತೆ ಹಾರುವ ಹಕ್ಕಿ ಇದು, ಗಾಜಿನಲ್ಲಿ ಕಂಡ ಮರಗಳನ್ನು ನಿಜವೆಂದು ನಂಬಿ ನುಗ್ಗುತ್ತದೆ. ಹೀಗೆ ಸಾಯುವ ಹಕ್ಕಿಗಳಲ್ಲಿ ಇದರ ಹೆಸರು ಮತ್ತೆ ಮತ್ತೆ ಬರುತ್ತದೆ. ಕೊರಳು ವಾಲಿತ್ತು. ಎರಡು ಬಾರಿ ರೆಪ್ಪೆ ಅಲುಗಿತು, ಅಷ್ಟೆ.

ಮನೆಯ ಮಗಳು, ಏಳನೆಯ ತರಗತಿಯವಳು, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಈ ಕಿಟಕಿ ಹಾಕಿಸಿದ ಮೇಲೆ ಇದು ಮೂರನೆಯದು" ಎಂದಳು. ನನಗೆ ಮಾತು ಹೊರಡಲಿಲ್ಲ.

ಸತ್ತ ಕಾಡುಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಎರಡು ಕೈಗೂ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹಕ್ಕಿಯನ್ನು ಹಾಳೆಯ ಮೇಲಿಟ್ಟೆ. ಚೀಲಕ್ಕೆ ಬೂದಿಯಂಥ ಪುಡಿ ಅಂಟಿತು. ಪಾರಿವಾಳದ ಜಾತಿಗೆ ಗರಿಯ ಪುಡಿಯೇ ಮೈಗೆ ಹಚ್ಚುವ ಚೂರ್ಣ. ಬಲ ರೆಕ್ಕೆಯನ್ನು ನಿಧಾನವಾಗಿ ಬಿಡಿಸಿ ಹಿಡಿದೆ, ಹುಡುಗಿ ಹಿಂದಿನಿಂದ ಟಾರ್ಚು ಬಿಟ್ಟಳು. ರೆಕ್ಕೆಯ ಒಳಮೈ ಕಾಡುಜೇನಿನ ಬಣ್ಣದಲ್ಲಿ ಬೆಳಗಿತು.

ಬರಿಗಣ್ಣಿಗೆ ಕಂಡದ್ದು ಚುಕ್ಕಿಗಳ ಸಾಲು. ಚಿರೋಟಿ ರವೆಯ ಕಣಗಳನ್ನು ಯಾರೋ ಗೆರೆ ಕೊಯ್ದು ಜೋಡಿಸಿದಂತೆ. ಮಸೂರ ಹಿಡಿದಾಗ ಅವಕ್ಕೆ ಕಾಲು ಬಂತು. ಗರಿಯ ನಡುದಂಟಿನಿಂದ ಹೊರಡುವ ಎಳೆಗಳು ಕೆಳಬದಿಯಲ್ಲಿ ಏರಿಯಂತೆ ಉಬ್ಬಿರುತ್ತವೆ. ಎರಡು ಏರಿಗಳ ನಡುವೆ ಒಂದು ಕಾಲುವೆ. ಆ ಕಾಲುವೆಯಲ್ಲಿ ಒಂದರ ಹಿಂದೊಂದು, ಎಳೆಗೆ ಸಮನಾಗಿ ಮೈ ಚಾಚಿ, ಅವು ಕೂತಿದ್ದವು. ಹಕ್ಕಿ ಹಾರುವಾಗ ಗಾಳಿ ಏರಿಗಳ ಮೇಲೆ ಹಾದುಹೋಗುತ್ತದೆ, ಕಾಲುವೆಯೊಳಗಿನವು ಕದಲುವುದಿಲ್ಲ. ತೀಡುವ ಕೊಕ್ಕಿಗೂ ಅವು ಸುಲಭವಾಗಿ ಸಿಗುವುದಿಲ್ಲ. ಕಾಲಿನ ತುದಿಯಲ್ಲಿ ಅಂಟಿ ಹಿಡಿಯುವ ಬಟ್ಟಲಿನಂಥ ಮೆತ್ತೆ ಇರುತ್ತದೆ. ನನ್ನ ಮಸೂರಕ್ಕೆ ಅದು ಕಾಣುವಂಥದ್ದಲ್ಲ. ಒಂದೇ ಗರಿಯಲ್ಲಿ ನಲವತ್ತರ ತನಕ ಎಣಿಸಿದೆ. ಅಷ್ಟರಲ್ಲಿ ಒಂದು ಹೊರಟಿತು. ಬಹಳ ನಿಧಾನ, ಮೊದಲು ಮುಂದಿನ ಜೋಡಿ ಕಾಲು, ಆಮೇಲೆ ಮೈ. ದಂಟಿನ ತನಕ ಬಂದು ನಿಂತಿತು.

ಅದು ಎಲ್ಲಿಗೆ ಹೋಗಬೇಕು? ಹಕ್ಕಿಯ ಮೈ ಆರುತ್ತಿತ್ತು. ಬೆಚ್ಚಗಿನ ಹಕ್ಕಿಯೇ ಅವುಗಳ ಲೋಕ, ಇನ್ನೊಂದು ಮೈ ಸೋಂಕದಿದ್ದರೆ ಕೆಲವೇ ದಿನಗಳಲ್ಲಿ ಅವುಗಳ ಕಥೆಯೂ ಮುಗಿಯುತ್ತದೆ. ಗಾಜಿಗೆ ಬಡಿದು ಸತ್ತದ್ದು ಒಂದು ಹಕ್ಕಿ ಎಂದು ನಾವು ಎಣಿಸುತ್ತೇವೆ. ನನಗೆ ಆ ಲೆಕ್ಕ ಅಂದಿನಿಂದ ಸರಿ ಕಾಣುತ್ತಿಲ್ಲ.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಆ ಪಾರಿವಾಳ ಗರಿ ಬದಲಿಸುತ್ತಿತ್ತು. ರೆಕ್ಕೆಯ ದೊಡ್ಡ ಗರಿಗಳು ಒಳಗಿನಿಂದ ಹೊರಗೆ ಒಂದೊಂದಾಗಿ ಉದುರಿ ಹೊಸದು ಬರುತ್ತವೆ. ನಡುವೆ ಒಂದು ಹೊಸ ಗರಿ ಅರ್ಧ ಬೆಳೆದಿತ್ತು, ಬುಡದಲ್ಲಿ ನೀಲಿಬಣ್ಣದ ಕೋಶ. ಅದರ ಪಕ್ಕದ್ದು ಹಳೆಯದು, ತುದಿ ಸವೆದು ಬಣ್ಣ ಮಾಸಿದ್ದು. ಮುಂದೆ ಉದುರುವ ಸರದಿ ಅದರದು. ಆಚೀಚಿನ ಹಳೆಯ ಗರಿಗಳ ಕಾಲುವೆಗಳು ತುಂಬಿದ್ದವು, ಆ ಒಂದು ಗರಿ ಮಾತ್ರ ಖಾಲಿ. ಟಾರ್ಚಿನ ಕೋನ ಬದಲಿಸಿ ಮೂರು ಸಲ ನೋಡಿದೆ.

ರೋಗೆರ್ ಹೊವಾನಿ ಮತ್ತು ದಾವಿದ್ ಸೆರ್ರಾನೊ ಎಂಬ ಸ್ಪೇನಿನ ಇಬ್ಬರು ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ್ದು ಇದನ್ನೇ. ಗುಬ್ಬಚ್ಚಿ ಬಳಗದ ಸಣ್ಣ ಹಕ್ಕಿಗಳ ರೆಕ್ಕೆಗಳನ್ನು ನೋಡಿ, ಉದುರಲಿರುವ ಗರಿಯನ್ನು ನುಸಿಗಳು ಮೊದಲೇ ಬಿಟ್ಟು ಸರಿಯುತ್ತವೆ ಎಂದು ತೋರಿಸಿದರು. ನಾನು ನೋಡಿದ್ದು ಒಂದು ಪಾರಿವಾಳ. ಅದರಿಂದ ಏನನ್ನೂ ಸಾಧಿಸಲಾಗದು. ಆದರೂ ಓದಿದ್ದು ಕಣ್ಣೆದುರು ಬಂದು ನಿಂತಾಗ ಮೈ ಜುಮ್ಮೆಂದಿತು. ಕಣ್ಣಿಲ್ಲದ, ರವೆಯ ಕಣದಷ್ಟು ಮೈಯ ಜೀವಕ್ಕೆ ತಾನು ನಿಂತ ನೆಲ ಕಳಚಲಿದೆ ಎಂದು ತಿಳಿಯುತ್ತದೆ.

ಪಾರಿವಾಳಗಳ ಮೇಲೆ ಫಾಲ್ಕುಲಿಫರ್ ಎಂಬ ಕುಲದ ನುಸಿ ಇರುತ್ತದೆ. ಅದರಲ್ಲಿ ಕೆಲವು ಗಂಡುಗಳ ದವಡೆ ಮೈಗೆ ಒಪ್ಪದಷ್ಟು ಉದ್ದ, ಕಡವೆಯ ಕೊಂಬಿನಂತೆ ಮುಂದಕ್ಕೆ ಚಾಚಿರುತ್ತದೆ. ಅಂಥದ್ದು ಕಂಡೀತೆಂದು ಹುಡುಕಿದೆ. ಜಾತಿ ಹಿಡಿಯಬೇಕಾದರೆ ಗಾಜಿನ ಪಟ್ಟಿಯ ಮೇಲೆ ಕೂರಿಸಿ ದೊಡ್ಡ ಸೂಕ್ಷ್ಮದರ್ಶಕದಡಿ ನೋಡಬೇಕು. ಅದಕ್ಕೆ ಮನಸ್ಸು ಬರಲಿಲ್ಲ, ಅನುಮತಿಯೂ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಕಾಡುಹಕ್ಕಿಯ ದೇಹ ಇಟ್ಟುಕೊಳ್ಳುವ ಅಧಿಕಾರ ನಮಗಿಲ್ಲ. ಅಡಿಕೆ ಮರದ ಬುಡದಲ್ಲಿ ಹುಡುಗಿ ಗುಂಡಿ ತೆಗೆದಳು. ಒಂದು ಗರಿಯನ್ನೂ ಉಳಿಸಿಕೊಳ್ಳದೆ ಹಾಳೆಯ ಸಮೇತ ಇಟ್ಟು ಮಣ್ಣು ಮುಚ್ಚಿದೆವು.

ಅಷ್ಟರಲ್ಲಿ ತೋಟದಿಂದ ಯಜಮಾನರು ಬಂದರು. ಈ ವರ್ಷ ಮಳೆ ಬಿಡದೆ ಹೊಡೆದದ್ದರಿಂದ ಕೊಳೆ ಹಿಡಿದು ಅಡಿಕೆ ಉದುರುತ್ತಿದೆ. ಎರಡು ಸಲ ಔಷಧಿ ಹೊಡೆಸಿದ್ದರೂ ಮೂರನೆಯದಕ್ಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗುತ್ತಿಲ್ಲ. ಹಂಡೆಯ ಹತ್ತಿರ ಮೈಲುತುತ್ತ ನೆನೆಸಿಟ್ಟದ್ದು ನೀಲಿಯಾಗಿ ಹೊಳೆಯುತ್ತಿತ್ತು. ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡಬೇಕು. ಜಗಲಿಯಲ್ಲಿ ಕೂತು ನುಸಿ ತಿನ್ನುವುದೇನು ಎಂದು ಅವರಾಗಿಯೇ ಕೇಳಿದರು.

ಹಕ್ಕಿ ಸವರಿಕೊಳ್ಳುವ ಎಣ್ಣೆಯನ್ನು ತಿಂದು ಬದುಕುತ್ತವೆ ಎಂದು ಬಹಳ ಕಾಲ ನಂಬಿದ್ದರು. ಹೊರ್ಹೆ ದೋನ್ಯಾ ಮತ್ತು ಸಂಗಡಿಗರು ನುಸಿಗಳ ಹೊಟ್ಟೆಯನ್ನೇ ಪರೀಕ್ಷಿಸಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರು, ಡಿಎನ್‌ಎ ತೆಗೆದು ಓದಿದರು. 2019ರಲ್ಲಿ ಅಚ್ಚಾದ ಅವರ ಪ್ರಬಂಧದ ಪ್ರಕಾರ ಹೊಟ್ಟೆಯಲ್ಲಿ ಹೆಚ್ಚಾಗಿ ಸಿಕ್ಕಿದ್ದು ಶಿಲೀಂಧ್ರ, ಅದರ ಬೀಜಕಗಳು, ಬ್ಯಾಕ್ಟೀರಿಯಾ. ಅವುಗಳಲ್ಲಿ ಕೆಲವು ಗರಿಯ ಕೆರಾಟಿನ್ ಎಂಬ ಪ್ರೋಟೀನನ್ನೇ ಕೊಳೆಸಬಲ್ಲವು. ಅಂದರೆ ನುಸಿ ಗರಿಯನ್ನು ಶುಚಿಗೊಳಿಸುತ್ತಿರಬಹುದು.

ಮಲೆನಾಡಿನಲ್ಲಿ ಈ ಮಾತಿಗೆ ವಿವರಣೆ ಬೇಕಿಲ್ಲ. ಅಟ್ಟದ ಮೇಲಿನ ಪುಸ್ತಕ, ಗೂಟಕ್ಕೆ ನೇತುಹಾಕಿದ ಬೆಲ್ಟು, ದೇವರ ಮನೆಯ ಮರದ ಪೆಟ್ಟಿಗೆ, ಜೂನ್‌ನಿಂದ ಈಚೆಗೆ ಬೂಸ್ಟು ಹಿಡಿಯದ ವಸ್ತು ಈ ಮನೆಯಲ್ಲಿ ಇಲ್ಲ. ಅಂಥ ಗಾಳಿಯಲ್ಲಿ ನಾಲ್ಕು ತಿಂಗಳು ಒದ್ದೆಯಾಗಿ ಕೂರುವ ಹಕ್ಕಿಯ ಗರಿ ಮಾತ್ರ ಫಳಫಳ ಹೊಳೆಯುತ್ತದೆ. ಯಜಮಾನರು ಹಂಡೆಯ ಕಡೆ ನೋಡಿದರು. "ಹಾಗಾದರೆ ಅದಕ್ಕೆ ಮನೆಯೊಳಗೇ ಕೊನೆಗೌಡನಿದ್ದಾನೆ" ಎಂದರು. ನಾನು ಇಷ್ಟು ದಿನ ಓದಿದ್ದರಲ್ಲಿ ಇಷ್ಟು ಚೆಂದವಾಗಿ ಯಾರೂ ಹೇಳಿರಲಿಲ್ಲ.

ನಾಲ್ಕನೆಯ ದಿನ

ಸಾಗರದಿಂದ ಸೊರಬಕ್ಕೆ ಬೆಳಗಿನ ಬಸ್ಸು. ಹಾದಿಯುದ್ದಕ್ಕೂ ಹಸಿರು ಗದ್ದೆ, ಕಾನು, ಮತ್ತೆ ಗದ್ದೆ. ಇದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲಾಗಿ ಸತ್ತವು, ಜನರಿಗೆ ಜ್ವರ ಬಂತು, ಕಾಡಿನ ಹೆಸರೇ ಮಂಗನ ಕಾಯಿಲೆಯ ಇನ್ನೊಂದು ಹೆಸರಾಯಿತು. ರಷ್ಯಾದಲ್ಲಿ ಉಣ್ಣೆಯಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೂ ಇದಕ್ಕೂ ಹೋಲಿಕೆ ಕಂಡಾಗ, ಉತ್ತರದಿಂದ ಬರುವ ವಲಸೆ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದವೇ ಎಂಬ ಅನುಮಾನ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ವಲಸೆಯ ಅಧ್ಯಯನಕ್ಕೆ ಇಳಿಯಿತು. ಹಕ್ಕಿಗಳು ಕಾಯಿಲೆ ತಂದವು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಬಲೆಗೆ ಬಿದ್ದ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಟ್ಟದ್ದರಿಂದ ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬುದು ನಮಗೆ ತಿಳಿಯಿತು. ಈ ದೇಶದ ಹಕ್ಕಿಗಳ ದಾರಿಯ ಬಗ್ಗೆ ನಾವು ಓದುವ ಎಷ್ಟೋ ಸಂಗತಿಗಳ ಹಿಂದೆ ಸೊರಬದ ಒಂದು ಕಾಡಿದೆ. ಬಸ್ಸಿನಲ್ಲಿ ಪಕ್ಕ ಕೂತ ಹುಡುಗನಿಗೆ ಹೇಳಿದೆ. ಅವನ ಊರು ಅಲ್ಲೇ ಹತ್ತಿರವಂತೆ, ಅವನಿಗೆ ಕಾಯಿಲೆಯ ಕಥೆ ಗೊತ್ತಿತ್ತು, ಹಕ್ಕಿಯ ಕಥೆ ಗೊತ್ತಿರಲಿಲ್ಲ.

ಸೊರಬದಿಂದ ಹದಿನೈದು ಕಿಲೋಮೀಟರಿನಷ್ಟು ದೂರ ಗುಡವಿ ಪಕ್ಷಿಧಾಮ. ಕೆರೆ ತುಂಬಿತ್ತು. ನೀರಲ್ಲಿ ನಿಂತ ಮರಗಳ ಮೇಲೆ ಬಿಳಿ ಕೆಂಬರಲುಗಳು. ಕಪ್ಪು ತಲೆ, ಕುಡುಗೋಲಿನಂತೆ ಬಾಗಿದ ಕೊಕ್ಕು. ಗೋಪುರ ಹತ್ತಿ ಹತ್ತಿರದ ಗೂಡೊಂದನ್ನು ಆರಿಸಿಕೊಂಡು ಮಧ್ಯಾಹ್ನದವರೆಗೆ ಅದನ್ನೇ ನೋಡಿದೆ.

ಮರಿಗಳೆರಡು ದೊಡ್ಡವಾಗಿದ್ದವು. ತಂದೆಯೋ ತಾಯಿಯೋ ಬಂದಾಗ ಅವು ಎದೆಗೆ ನುಗ್ಗಿ, ಕೊರಳಿಗೆ ಕೊರಳು ಹೆಣೆದು, ಅದರ ಕೊಕ್ಕಿನೊಳಗೆ ತಲೆಯನ್ನೇ ತೂರಿಸಿದವು. ರೆಕ್ಕೆಗೆ ರೆಕ್ಕೆ ಉಜ್ಜಿತು. ಉಣಿಸಿದ ಹಕ್ಕಿ ಹಾರಿಹೋಗದೆ ಅಲ್ಲೇ ನಿಂತು ಮಳೆಹನಿ ಕೊಡವಿತು. ಮರಿ ಅದರ ಮಗ್ಗುಲಿಗೆ ಒರಗಿತು. ದುರ್ಬೀನಿನಲ್ಲಿ ಕಂಡದ್ದು ಇಷ್ಟೇ. ಆದರೆ ಮೂರನೆಯ ದಿನದ ಟಾರ್ಚಿನ ಬೆಳಕು ಇನ್ನೂ ಕಣ್ಣಲ್ಲಿತ್ತು. ಆ ಒರಗುವಿಕೆಯಲ್ಲಿ ಯಾರು ಯಾವ ಗರಿಯಿಂದ ಯಾವ ಗರಿಗೆ ಕಾಲಿಡುತ್ತಿರಬಹುದು ಎಂದು ಯೋಚಿಸುತ್ತ ನಿಂತೆ. ಮಳೆ ಜೋರಾಗಿ ಕೆರೆಯ ಆಚೆ ದಡ ಮರೆಯಾಯಿತು. ಹಕ್ಕಿ ರೆಕ್ಕೆ ಅಗಲಿಸಿ ಮರಿಗಳನ್ನು ಮುಚ್ಚಿತು.

ಐದನೆಯ ದಿನ

ಸಾಗರ ಜಂಬಗಾರು ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿರುವಾಗ ಮೊಬೈಲಿಗೆ ಒಂದು ಚಿತ್ರ ಬಂತು. ಹೊರಡುವ ಮುನ್ನ ಆ ಹುಡುಗಿಗೆ ಹೇಳಿದ್ದೆ, ಗಾಜಿನ ಹೊರಮೈಗೆ ಎರಡೆರಡು ಅಂಗುಲಕ್ಕೊಂದು ಗೆರೆ ಇದ್ದರೆ ಹಕ್ಕಿಗೆ ಅದು ದಾಟುವ ದಾರಿಯಲ್ಲ ಎಂದು ತಿಳಿಯುತ್ತದೆ, ಒಳಬದಿಗೆ ಬರೆದರೆ ಅಷ್ಟು ಪ್ರಯೋಜನವಿಲ್ಲ ಎಂದು. ಬರಿಯ ಗೆರೆ ಎಳೆದಾಳು ಎಂದುಕೊಂಡಿದ್ದೆ.

ಅಜ್ಜಿಗೆ ಹಸೆ ಚಿತ್ತಾರ ಬರೆಯಲು ಬರುತ್ತದೆ, ಆ ಮನೆಯ ಗೋಡೆಯಲ್ಲೂ ಒಂದಿತ್ತು. ಚಿತ್ರದಲ್ಲಿ ಮಹಡಿಯ ಕಿಟಕಿಯ ಅರ್ಧ ಗಾಜಿಗೆ ಬಿಳಿಯ ಎಳೆಗಳು ಅಡ್ಡಡ್ಡ, ಉದ್ದುದ್ದ ಹೆಣೆದುಕೊಂಡಿದ್ದವು. ಏಣಿಯ ಮೇಲೆ ನಿಂತಿದ್ದು ಮೊಮ್ಮಗಳು. ಕೆಳಗೆ ಬಣ್ಣದ ಬಟ್ಟಲು ಹಿಡಿದು, ತಲೆ ಎತ್ತಿ, ಇನ್ನೊಂದು ಎಳೆ ಎಲ್ಲಿ ಬರಬೇಕು ಎಂದು ಬೆರಳು ತೋರಿಸುತ್ತಿದ್ದವರು ಅಜ್ಜಿ.